ಹೊಡೆಯುವ ಮೊದಲೇ ಮುಗಿಯುವ ಹೊಡೆತ



2023ರ ಏಪ್ರಿಲ್ 14ರಂದು ಜಪಾನಿನ ಸೈತಾಮಾ ಪ್ರಾಂತ್ಯದ ಸೋಕಾ ಎಂಬ ಊರಿನ ಕಾರ್ಖಾನೆಯೊಂದರ ಒಳಾಂಗಣದಲ್ಲಿ ಆಂಧ್ರದ ಬ್ಯಾಡ್ಮಿಂಟನ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಒಂದು ಸ್ಮ್ಯಾಶ್ ಹೊಡೆದರು, ಅಂದರೆ ಕಾಕನ್ನು ಮೇಲಿನಿಂದ ಕೆಳಕ್ಕೆ ಬಲವಾಗಿ ಬಾರಿಸಿದರು. ಕಾಕ್ ಗಂಟೆಗೆ 565 ಕಿಲೋಮೀಟರ್ ವೇಗದಲ್ಲಿ ಬ್ಯಾಟು ಬಿಟ್ಟು ಹೊರಟಿತು. ಗಿನ್ನೆಸ್‌ನವರು ದಾಖಲೆ ಎಂದು ಬರೆದುಕೊಂಡರು. ಅದಕ್ಕೆ ಮೊದಲು ಹತ್ತು ವರ್ಷ ಆ ಜಾಗದಲ್ಲಿ ಕೂತಿದ್ದವರು ಮಲೇಷ್ಯಾದ ತಾನ್ ಬೂನ್ ಹಿಯಾಂಗ್, 493 ಕಿಲೋಮೀಟರ್. ಸುದ್ದಿ ಪತ್ರಿಕೆಗಳಲ್ಲಿ ಬಂದ ವಾರ, ಬೆಳಗ್ಗೆ ಎದ್ದು ಶಟಲ್ ಆಡಲು ಹೋಗುವ ನಮ್ಮಂಥವರ ಗುಂಪಿನಲ್ಲೆಲ್ಲ ಅದೇ ಮಾತು. ಎಲ್ಲರೂ ಜೋರಾಗಿ ಹೊಡೆಯತೊಡಗಿದರು. ಕಾಕ್‌ಗಳ ಗರಿ ಕಿತ್ತುಬಂದದ್ದೇ ಬಂತು. ಪಾಯಿಂಟುಗಳೇನೂ ಹೆಚ್ಚು ಬಂದಂತೆ ಕಾಣಲಿಲ್ಲ.

ಆ ದಾಖಲೆ ಪಂದ್ಯದಲ್ಲಿ ಹೊಡೆದದ್ದಲ್ಲ ಎಂಬುದನ್ನು ನೆನಪಿಡಬೇಕು. ಎದುರಿಗೆ ಆಟಗಾರನಿಲ್ಲ, ಕಾಕ್ ಬೇಕಾದ ಎತ್ತರಕ್ಕೆ ಬೇಕಾದ ಹಾಗೆ ಬರುತ್ತದೆ, ಹೊಡೆದ ಮೇಲೆ ಮುಂದಿನ ಕಾಕಿಗೆ ಓಡಬೇಕಾಗಿಯೂ ಇಲ್ಲ. ಪಂದ್ಯದ ನಡುವೆ ಅಳೆದು ದಾಖಲೆಯಾದ ಹೊಡೆತಗಳಲ್ಲಿ ಹೆಸರಾದದ್ದು ಡೆನ್ಮಾರ್ಕಿನ ಮ್ಯಾಡ್ಸ್ ಪೀಲರ್ ಕೋಲ್ಡಿಂಗ್ ಅವರದು. 2017ರ ಜನವರಿಯಲ್ಲಿ ನಮ್ಮ ದೇಶದಲ್ಲೇ ನಡೆದ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗಿನಲ್ಲಿ ಅವರು ಹೊಡೆದದ್ದು 426 ಕಿಲೋಮೀಟರ್. ಇವೆಲ್ಲ ಕಾಕ್ ಬ್ಯಾಟನ್ನು ಬಿಟ್ಟ ಕ್ಷಣದ ವೇಗ. ಆಮೇಲೆ ಅದಕ್ಕೆ ಏನಾಗುತ್ತದೆ ಎನ್ನುವುದರಲ್ಲಿ ಈ ಆಟದ ಗುಟ್ಟಿದೆ.

ಕಾಕ್ ಎಂದರೆ ಒಂದು ಬಿರಡೆ, ಅದರ ಸುತ್ತ ನೆಟ್ಟ 16 ಗರಿಗಳು. ತೂಕ ಐದು ಗ್ರಾಂ ಆಸುಪಾಸು, ನಿಯಮದಲ್ಲಿ 4.74ರಿಂದ 5.50 ಗ್ರಾಂ ಎಂದಿದೆ. ಇಷ್ಟು ಹಗುರವಾದ, ಇಷ್ಟು ಅಗಲಕ್ಕೆ ಹರಡಿದ ವಸ್ತುವನ್ನು ಗಾಳಿ ಸುಮ್ಮನೆ ಬಿಡುವುದಿಲ್ಲ. ಸುಮಾರು ಮೂರು ಮೀಟರ್ ಸಾಗುವಷ್ಟರಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ, ಇನ್ನು ಮೂರು ಮೀಟರಿಗೆ ಆ ಅರ್ಧದ ಅರ್ಧ. 300 ಕಿಲೋಮೀಟರಿನಲ್ಲಿ ಹೊರಟ ಸ್ಮ್ಯಾಶ್ ಎಂಟು ಮೀಟರ್ ಆಚೆ ನಿಂತವನ ಬ್ಯಾಟಿಗೆ ಬರುವಾಗ 50-60ರ ಆಸುಪಾಸಿಗೆ ಬಂದಿರುತ್ತದೆ. ಹೆದ್ದಾರಿಯ ಬಸ್ಸಿನ ವೇಗ ಅದು. ಹಾಗಂತ ಸುಲಭ ಎಂದುಕೊಳ್ಳಬೇಡಿ. ಒಟ್ಟು ಪಯಣಕ್ಕೆ ಹಿಡಿಯುವುದು ಕಾಲು ಸೆಕೆಂಡು. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಉಳಿದ ಚೂರು ಸಮಯದಲ್ಲಿ ಹೆಜ್ಜೆ ಇಟ್ಟು, ಬಾಗಿ, ಬ್ಯಾಟು ತಿರುಗಿಸಿ ಕಾಕನ್ನು ನೆಟ್ಟಿನಾಚೆ ಕಳಿಸಬೇಕು. ಲೆಕ್ಕದ ಪ್ರಕಾರ ಅದು ಆಗದ ಕೆಲಸ. ಆದರೂ ದೊಡ್ಡ ಪಂದ್ಯಗಳಲ್ಲಿ ಒಬ್ಬ ಆಟಗಾರ ಒಂದೇ ರ್‍ಯಾಲಿಯಲ್ಲಿ ನಾಲ್ಕೈದು ಸ್ಮ್ಯಾಶ್ ಎತ್ತಿ ಕೊಡುವುದನ್ನು ನೋಡುತ್ತಲೇ ಇರುತ್ತೇವೆ. ಅವನು ಕಾಕ್ ಹೊರಟ ಮೇಲೆ ನೋಡಿದವನಲ್ಲ, ಹೊರಡುವ ಮೊದಲೇ ಓದಿಕೊಂಡವನು.

ಹಾಗಾದರೆ ಹೊಡೆಯುವವನು ಮಾಡಬೇಕಾದ್ದೇನು? ಎದುರಾಳಿಗೆ ಓದಲು ಸಮಯ ಕೊಡಬಾರದು. ಇದಕ್ಕೆ ದಾರಿ ಎರಡು. ಹೊಡೆತದ ವೇಗ ಹೆಚ್ಚಿಸುವುದು ಒಂದು, ಹೊಡೆತವನ್ನು ಬೇಗ ಹೊಡೆಯುವುದು ಇನ್ನೊಂದು. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದರ ಹಿಂದೆ ಬಿದ್ದಿದ್ದೇವೆ. ಬೆಲೆ ಬಾಳುವ ಬ್ಯಾಟು, ಬಿಗಿಯಾದ ತಂತಿ, ತೋಳಿಗೆ ಜಿಮ್ಮು, ಎಲ್ಲ ಅದಕ್ಕಾಗಿಯೇ. ಸ್ವಲ್ಪ ಲೆಕ್ಕ ಹಾಕೋಣ. 300 ಕಿಲೋಮೀಟರಿನ ಹೊಡೆತವನ್ನು ಕಷ್ಟಪಟ್ಟು 330ಕ್ಕೆ ಏರಿಸಿದಿರಿ ಎನ್ನಿ. ಎದುರಾಳಿಯ ಸಮಯದಲ್ಲಿ ನೀವು ಕಿತ್ತುಕೊಂಡದ್ದು ಸೆಕೆಂಡಿನ ನಲವತ್ತನೇ ಒಂದು ಭಾಗ. ಈಗ ಇನ್ನೊಂದು ದಾರಿ ನೋಡಿ. ಎತ್ತರಕ್ಕೆ ಹೋದ ಕಾಕ್ ಮೇಲಿನಿಂದ ಇಳಿಯುವುದು ಸೆಕೆಂಡಿಗೆ ಆರೂವರೆ, ಏಳು ಮೀಟರಿನಂತೆ. ಅದನ್ನು ಹಣೆಯ ಮಟ್ಟಕ್ಕೆ ಬರಲು ಬಿಡದೆ ಅರ್ಧ ಮೀಟರ್ ಮೇಲೆಯೇ ಹಿಡಿದರೆ ಉಳಿಯುವ ಸಮಯ, ಮೊದಲನೆಯದರ ಸುಮಾರು ಮೂರು ಪಟ್ಟು. ಜೊತೆಗೆ ಹೊಡೆತದ ಇಳಿಜಾರೂ ಹೆಚ್ಚುತ್ತದೆ. ಇದಕ್ಕೆ ದುಡ್ಡು ಖರ್ಚಿಲ್ಲ. ಕಾಲು ಮಾತ್ರ ಬೇಗ ಹೋಗಿ ಕಾಕಿನ ಹಿಂದೆ ನಿಂತಿರಬೇಕು.

ಇಳಿಜಾರು ಎಂದೆ. ಅಂಕಣದ ಒಂದು ಪಕ್ಕ, ನೆಟ್ಟಿನಿಂದ ಹಿಂದಿನ ಗೆರೆಯವರೆಗೆ, 6.70 ಮೀಟರ್. ನೆಟ್ಟಿನ ಎತ್ತರ ನಡುವೆ 1.524 ಮೀಟರ್, ಕಂಬದ ಬಳಿ 1.55. ಸಾಧಾರಣ ಎತ್ತರದ ಆಟಗಾರ ನೆಲ ಬಿಡದೆ ಹೊಡೆದರೆ ಬ್ಯಾಟು ಕಾಕನ್ನು ಮುಟ್ಟುವುದು ಎರಡೂವರೆ ಮೀಟರಿಗಿಂತ ತುಸು ಮೇಲೆ. ಅವನು ಅಂಕಣದ ಹಿಂಭಾಗದಲ್ಲಿ ನಿಂತು ನೇರ ಗೆರೆ ಎಳೆದ ಹಾಗೆ ಹೊಡೆದರೆ, ನೆಟ್ಟನ್ನು ದಾಟಿದ ಆ ಗೆರೆ ಆಚೆ ಕಡೆಯ ಹಿಂದಿನ ಗೆರೆಯನ್ನೂ ದಾಟಿ ಹೋಗುತ್ತದೆ. ಗಾಳಿ ತಡೆದು ಕಾಕ್ ಬಾಗುವುದರಿಂದ ಒಳಗೆ ಬೀಳುತ್ತದೆ, ಅಷ್ಟೆ. ಅಲ್ಲಿಂದ ಸ್ಮ್ಯಾಶ್ ಹೊಡೆಯುವುದು ಎದುರಾಳಿಗೆ ಸಹಾಯ ಮಾಡಿದಂತೆ. ಅದೇ ಮನುಷ್ಯ ನೆಟ್ಟಿನಿಂದ ಮೂರೂವರೆ ಮೀಟರ್ ದೂರದಲ್ಲಿ ಹೊಡೆದರೆ ಕಾಕ್ ಎದುರಾಳಿಯ ಕಾಲ ಬಳಿ ಇಳಿಯುತ್ತದೆ. ಎಲ್ಲಿಂದ ಹೊಡೆಯಬಾರದು ಎಂಬ ತಿಳಿವಳಿಕೆಯೇ ಸ್ಮ್ಯಾಶಿನ ಮೊದಲ ಪಾಠ ಎಂದು ನನ್ನ ಅಭಿಪ್ರಾಯ. ಕೆಲವರು ಇದನ್ನು ಒಪ್ಪುವುದಿಲ್ಲ, ಮೊದಲು ಹೊಡೆಯಲು ಕಲಿಯಲಿ ಎನ್ನುತ್ತಾರೆ. ಇರಲಿ.

ಈಗ ಹೊಡೆತದ ವಿಚಾರ. ರೇಡಿಯೋದಲ್ಲಿ ನಾನು ಕೈ ಎತ್ತಿ ತೋರಿಸುವ ಹಾಗಿಲ್ಲ. ಕೂತಲ್ಲೇ ನೀವೇ ಬಲಗೈ ಎತ್ತಿ ನೋಡಿ. ಎಡಗೈ ಆಟಗಾರರು ಎಲ್ಲವನ್ನೂ ತಿರುವಿಕೊಳ್ಳಿ. ಮೊದಲು ಮೈ ನೆಟ್ಟಿಗೆ ಎದುರಾಗಿರಬಾರದು, ಎಡಭುಜ ನೆಟ್ಟಿನ ಕಡೆ ಇರಬೇಕು. ಎಡಗೈಯೂ ಮೇಲಿರಲಿ, ಅದು ಮೈಯ ಸಮತೋಲ ಕಾಯುತ್ತದೆ. ಮೊಣಕೈ ಭುಜದ ಮಟ್ಟಕ್ಕೆ ಬಂದು ಹಿಂದಕ್ಕೆ ಹೋಗಿರಲಿ. ಹೊಡೆಯುವಾಗ ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಭುಜ, ಆಮೇಲೆ ಮೊಣಕೈ ಮುಂದೆ ಬರುತ್ತದೆ, ಕಡೆಗೆ ಮುಂಗೈ. ನಮ್ಮಲ್ಲಿ ಎಲ್ಲರೂ ‘ಮಣಿಕಟ್ಟು ಬಳಸು’ ಎನ್ನುತ್ತಾರೆ. ಮಣಿಕಟ್ಟನ್ನು ಮುಂದಕ್ಕೆ ಮಡಚುವುದರಿಂದ ಬರುವ ವೇಗ ಕಡಿಮೆ. ಬ್ಯಾಟಿನ ತಲೆಗೆ ವೇಗ ಕೊಡುವುದು ತೋಳು ಮತ್ತು ಮುಂಗೈ ತಮ್ಮ ಅಕ್ಷದ ಮೇಲೆ ತಿರುಗುವುದು, ಬಲಗೈಯಲ್ಲಿ ಬೀಗದ ಕೈಯನ್ನು ಎಡಕ್ಕೆ ತಿರುಗಿಸುತ್ತೀರಲ್ಲ, ಹಾಗೆ. ಆ ತಿರುಗಾಟ ಕಾಕ್ ತಾಗುವ ಕ್ಷಣದಲ್ಲಿ ಆಗಬೇಕು, ಭುಜದಿಂದ ಸ್ವಲ್ಪ ಮುಂದೆ, ಕೈ ಪೂರ್ತಿ ಚಾಚಿದಾಗ. ಕಾಕ್ ತಲೆಯ ಹಿಂದಕ್ಕೆ ಹೋದ ಮೇಲೆ ಎಷ್ಟು ಬಲವಿದ್ದರೂ ಅದು ಮೇಲಕ್ಕೇ ಹಾರುತ್ತದೆ.

ಹಿಡಿತದ ಬಗ್ಗೆ ಇನ್ನೊಂದು ಮಾತು. ಆಟ ಕಲಿಯುವವರು ಬ್ಯಾಟನ್ನು ಕೈ ಬಿಟ್ಟು ಹೋದೀತು ಎಂಬಂತೆ ಬಿಗಿಯಾಗಿ ಹಿಡಿಯುತ್ತಾರೆ. ಬಿಗಿ ಮುಷ್ಟಿಯಲ್ಲಿ ಮುಂಗೈ ತಿರುಗುವುದೇ ಇಲ್ಲ. ಸಡಿಲವಾಗಿ ಹಿಡಿದಿದ್ದು, ಕಾಕ್ ತಾಗುವಾಗ ಮಾತ್ರ ಬೆರಳು ಬಿಗಿಯಬೇಕು. ಆಗ ಸಣ್ಣ ಬೀಸಿನಲ್ಲೂ ವೇಗ ಬರುತ್ತದೆ. ಈ ಸಣ್ಣ ಬೀಸಿನ ಹೊಡೆತಕ್ಕೆ ಕೋಚ್‌ಗಳು ಸ್ಟಿಕ್ ಸ್ಮ್ಯಾಶ್ ಎನ್ನುತ್ತಾರೆ. ಬ್ಯಾಟನ್ನು ಬೆನ್ನ ಹಿಂದಕ್ಕೆ ಪೂರ್ತಿ ಒಯ್ಯುವುದಿಲ್ಲ, ಹೊಡೆದ ಮೇಲೆ ಕೈ ಕಾಲಿನ ತನಕ ಇಳಿಯುವುದೂ ಇಲ್ಲ. ಒಂದು ಚುರುಕಾದ ಪೆಟ್ಟು, ಬ್ಯಾಟು ಮತ್ತೆ ಎದೆಯ ಮುಂದೆ. ಅಳೆಯುವ ಯಂತ್ರಕ್ಕೆ ಇದರಲ್ಲಿ ಸೋಜಿಗವೇನೂ ಕಾಣದು, ಪೂರ್ಣ ಸ್ಮ್ಯಾಶಿಗಿಂತ ವೇಗ ಕಡಿಮೆ. ಎದುರಾಳಿಗೆ ಮಾತ್ರ ಇದು ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ದೊಡ್ಡ ಬೀಸು ತನ್ನ ಉದ್ದೇಶವನ್ನು ಮೊದಲೇ ಸಾರಿಬಿಟ್ಟಿರುತ್ತದೆ. ಸಣ್ಣ ಬೀಸಿನಲ್ಲಿ ಅವನಿಗೆ ಓದಲು ಅಕ್ಷರವೇ ಸಿಗುವುದಿಲ್ಲ. ಹೊಡೆದವನೂ ಬೇಗ ಸಾವರಿಸಿಕೊಳ್ಳುತ್ತಾನೆ.

ದಿಕ್ಕಿನ ವಿಚಾರದಲ್ಲಿ ಸಿಂಗಲ್ಸ್ ಆಡುವವರಿಗೆ ನೇರ ಹೊಡೆತವೇ ಮೇಲು. ಅಡ್ಡಕ್ಕೆ ಹೊಡೆದರೆ ದೂರ ಹೆಚ್ಚು, ಗಾಳಿ ಹೆಚ್ಚು ವೇಗ ತಿನ್ನುತ್ತದೆ, ಎದುರಾಳಿ ತಡೆದು ನೇರಕ್ಕೆ ಇಟ್ಟರೆ ನೀವು ಅಂಕಣದ ಅಗಲವನ್ನೆಲ್ಲ ಓಡಬೇಕು. ಮೂರನೇ ಗುರಿಯೊಂದಿದೆ, ಹೊಸಬರು ಅದನ್ನು ಮರೆತೇಬಿಡುತ್ತಾರೆ: ಎದುರಾಳಿಯ ಮೈ. ಸ್ಮ್ಯಾಶ್ ತಡೆಯಲು ನಿಂತ ಬಲಗೈ ಆಟಗಾರ ಸಾಮಾನ್ಯವಾಗಿ ಬ್ಯಾಕ್‌ಹ್ಯಾಂಡ್ ಹಿಡಿತದಲ್ಲಿರುತ್ತಾನೆ. ಎಡಕ್ಕೂ ಹೊಟ್ಟೆಯ ಮುಂದಕ್ಕೂ ಅವನ ಬ್ಯಾಟು ಸಲೀಸಾಗಿ ಬರುತ್ತದೆ. ಬಲ ಸೊಂಟಕ್ಕೆ, ಬಲ ಕಂಕುಳಿಗೆ ಬಂದ ಕಾಕಿಗೆ ಮಾತ್ರ ಮೊಣಕೈ ಎಲ್ಲಿಡಬೇಕೋ ತಿಳಿಯದೆ ಒದ್ದಾಡುತ್ತಾನೆ. ಅದು ಒರಟುತನವಲ್ಲ, ನಿಯಮದೊಳಗಿನ ಆಟವೇ.

ಇನ್ನು ಊಹೆ. ಆಟದ ಭಾಷೆಯಲ್ಲಿ ಊಹೆ ಎಂದರೆ ಅದೃಷ್ಟಕ್ಕೆ ಬಿಟ್ಟು ಒಂದು ಕಡೆ ಜಿಗಿಯುವುದಲ್ಲ. 1987ರಲ್ಲಿ ಆಸ್ಟ್ರೇಲಿಯಾದ ಸಂಶೋಧಕ ಬ್ರೂಸ್ ಅಬರ್ನೆಥಿ ಮತ್ತು ಅವರ ಜೊತೆಗಾರ ಬ್ಯಾಡ್ಮಿಂಟನ್ ಆಟಗಾರರನ್ನಿಟ್ಟುಕೊಂಡು ಪ್ರಯೋಗಗಳನ್ನು ಪ್ರಕಟಿಸಿದರು. ಹೊಡೆತದ ಚಲನಚಿತ್ರ ತೋರಿಸಿ, ಕಾಕ್ ಬ್ಯಾಟಿಗೆ ತಾಗುವ ಮೊದಲೋ ಆಮೇಲೋ ಚಿತ್ರ ನಿಲ್ಲಿಸಿ, ಅದು ಎಲ್ಲಿ ಬೀಳುತ್ತದೆ ಹೇಳಿ ಎಂದು ಕೇಳಿದರು. ಕೆಲವು ಸಲ ಆಟಗಾರನ ಕೈಯನ್ನು, ಕೆಲವು ಸಲ ಬ್ಯಾಟನ್ನು ಚಿತ್ರದಲ್ಲಿ ಮುಚ್ಚಿದರು. ಹೊಸಬರಿಗೆ ಸುಳಿವು ಸಿಗುತ್ತಿದ್ದದ್ದು ಬ್ಯಾಟಿನಿಂದ ಮಾತ್ರ. ಪಳಗಿದವರು ಅದಕ್ಕೂ ಮೊದಲೇ, ಬ್ಯಾಟು ಹಿಡಿದ ಕೈಯ ಚಲನೆಯಿಂದಲೇ ಓದುತ್ತಿದ್ದರು. ನೋಡುವ ಜಾಗ ಇಬ್ಬರದೂ ಹೆಚ್ಚುಕಡಿಮೆ ಒಂದೇ; ಕಂಡದ್ದರಿಂದ ತಿಳಿದುಕೊಂಡದ್ದು ಬೇರೆ. ನನಗೆ ಈ ಪ್ರಯೋಗದಲ್ಲಿ ಇಷ್ಟವಾದ ಅಂಶ ಇದು. ತೀಕ್ಷ್ಣ ಕಣ್ಣಿನವರು ಬೇಕಾಗಿಲ್ಲ, ಓದಲು ಕಲಿತವರು ಬೇಕು. ಹಾಗಾದರೆ ನಲವತ್ತು ದಾಟಿದವರಿಗೂ ಆಸೆ ಇಟ್ಟುಕೊಳ್ಳಲು ಅವಕಾಶವಿದೆ!

ಅಂಕಣದಲ್ಲಿ ಏನನ್ನು ಓದಬೇಕು? ಮೊದಲು ಎದುರಾಳಿಯ ಕಾಲು. ಅವನು ಕಾಕಿನ ಹಿಂದೆ ಹೋಗಿ ನಿಂತಿದ್ದಾನೋ, ಕಾಕ್ ಅವನನ್ನು ದಾಟಿದೆಯೋ? ದಾಟಿದ್ದರೆ ಬಲವಾದ ಸ್ಮ್ಯಾಶ್ ಬರಲಾರದು, ನೆಟ್ಟಿನ ಬಳಿ ಮೆಲ್ಲಗೆ ಬೀಳಿಸುವ ಡ್ರಾಪ್ ಇಲ್ಲವೇ ಎತ್ತರದ ಹೊಡೆತ ಮಾತ್ರ ಸಾಧ್ಯ. ನೀವು ಒಂದು ಹೆಜ್ಜೆ ಮುಂದೆ ಬರಬಹುದು. ಆಮೇಲೆ ಭುಜ ಮತ್ತು ಮೊಣಕೈ. ಮೊಣಕೈ ಹೊರಳುವ ವೇಗವೇ ಸ್ಮ್ಯಾಶನ್ನೂ ಡ್ರಾಪನ್ನೂ ಬೇರೆ ಮಾಡುತ್ತದೆ. ಅವನ ಬ್ಯಾಟು ಕಾಕನ್ನು ಮುಟ್ಟುವ ಹೊತ್ತಿಗೆ ನೀವು ಎರಡೂ ಕಾಲಿನಲ್ಲಿ ಒಂದು ಪುಟ್ಟ ಜಿಗಿತ ಜಿಗಿದು ಇಳಿಯುತ್ತಿರಬೇಕು. ಇದಕ್ಕೆ ಸ್ಪ್ಲಿಟ್ ಸ್ಟೆಪ್ ಎಂದು ಹೆಸರು. ನೋಡುವವರಿಗೆ ಸುಮ್ಮನೆ ಕುಣಿದ ಹಾಗೆ ಕಾಣುತ್ತದೆ, ಆದರೆ ಇಳಿಯುವ ಕ್ಷಣದಲ್ಲಿ ಕಾಲಿನ ಸ್ನಾಯು ಬಿಲ್ಲಾಗಿ ಯಾವ ದಿಕ್ಕಿಗಾದರೂ ಚಿಮ್ಮಲು ಸಿದ್ಧವಾಗುತ್ತದೆ. ಅದು ಬೇಗನಾದರೂ ಕೆಟ್ಟಿತು, ತಡವಾದರೂ ಕೆಟ್ಟಿತು.

ಊಹೆ ತಡೆಯುವವನ ಸೊತ್ತು ಮಾತ್ರ ಎಂದೂ ಭಾವಿಸಬೇಕಾಗಿಲ್ಲ. ಒಳ್ಳೆಯ ಸ್ಮ್ಯಾಶ್ ಹುಟ್ಟುವುದು ಅದರ ಹಿಂದಿನ ಹೊಡೆತದಲ್ಲಿ. ನೀವು ಕಾಕನ್ನು ನೆಟ್ಟಿಗೆ ಒರಗಿದಂತೆ ಇಳಿಸಿದ್ದೀರಿ, ಎದುರಾಳಿ ಅದನ್ನು ನೆಟ್ಟಿನ ತೀರ ಕೆಳಗೆ ಹಿಡಿದಿದ್ದಾನೆ. ಅವನಿಗೆ ಎತ್ತಿ ಕೊಡುವುದು ಬಿಟ್ಟು ಬೇರೆ ದಾರಿ ಕಡಿಮೆ. ಆಗ ಅವನು ಎತ್ತುವ ತನಕ ಕಾಯುವವನು ಎರಡನೇ ದರ್ಜೆಯ ಆಟಗಾರ. ಮೊದಲ ದರ್ಜೆಯವನು ಅಷ್ಟರಲ್ಲೇ ಹಿಂದಕ್ಕೆ ಕಾಲಿಟ್ಟಿರುತ್ತಾನೆ, ಕಾಕ್ ಮೇಲೇರುತ್ತಿರುವಾಗಲೇ ಪಕ್ಕಕ್ಕೆ ಜಿಗಿದು ಹಿಡಿಯುತ್ತಾನೆ. ಡಬಲ್ಸ್‌ನಲ್ಲಿ ನೆಟ್ಟಿನ ಬಳಿ ನಿಂತವನ ಕೆಲಸವೂ ಇಂಥದ್ದೇ. ಹಿಂದಿನವನು ಸ್ಮ್ಯಾಶ್ ಹೊಡೆಯುತ್ತಾನೆ, ಅದಕ್ಕೆ ಬರುವ ಬಡಪಾಯಿ ಉತ್ತರವನ್ನು ಮುಂದಿನವನು ಮುಗಿಸುತ್ತಾನೆ. ಚಪ್ಪಾಳೆ ಹಿಂದಿನವನಿಗೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಸಾತ್ವಿಕ್ ಮತ್ತು ಚಿರಾಗ್ ಶೆಟ್ಟಿ ಜೋಡಿಯನ್ನು ನೋಡುವಾಗ ಸ್ಮ್ಯಾಶಿನ ಸದ್ದಿಗೆ ಮರುಳಾಗದೆ ನೆಟ್ಟಿನ ಬಳಿ ಚಿರಾಗ್ ಏನು ಮಾಡುತ್ತಾರೆ ಎಂದು ಗಮನಿಸಿ. ನಮ್ಮ ಅಶ್ವಿನಿ ಪೊನ್ನಪ್ಪ ಹಿಂದಿನಿಂದ ಹೊಡೆಯುತ್ತಿದ್ದ ಸ್ಮ್ಯಾಶ್ ಮಹಿಳೆಯರ ಡಬಲ್ಸ್‌ನಲ್ಲಿ ಹೆಸರುವಾಸಿಯಾಗಿತ್ತು. ಅವರೂ ಜ್ವಾಲಾ ಗುಟ್ಟಾ ಅವರೂ ಸೇರಿ 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ, 2011ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು.

ಈ ಎಲ್ಲ ಮಾತಿಗೆ ನನ್ನ ಬಳಿ ಇರುವ ದೊಡ್ಡ ಸಾಕ್ಷಿ ಬೆಂಗಳೂರಿನದು. 1980ರ ಮಾರ್ಚ್ ತಿಂಗಳು, ವೆಂಬ್ಲಿ, ಆಲ್ ಇಂಗ್ಲೆಂಡ್ ಫೈನಲ್. ಒಂದು ಕಡೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಆ ಪ್ರಶಸ್ತಿ ಅವರದೇ. ನೆಲ ಬಿಟ್ಟು ಮೇಲೆ ಜಿಗಿದು ಅವರು ಹೊಡೆಯುತ್ತಿದ್ದ ಸ್ಮ್ಯಾಶಿಗೆ ಅವರದೇ ಹೆಸರು ಬಿದ್ದಿತ್ತು, ಕಿಂಗ್ ಸ್ಮ್ಯಾಶ್ ಎಂದು. ಇನ್ನೊಂದು ಕಡೆ, ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಆಟ ಕಲಿತ ಪ್ರಕಾಶ್ ಪಡುಕೋಣೆ. ಮದುವೆ ಇದ್ದ ದಿನ ಅಲ್ಲಿ ಆಟವಿಲ್ಲ. ಆ ವರ್ಷ ಡೆನ್ಮಾರ್ಕ್ ಓಪನ್, ಸ್ವೀಡನ್ ಓಪನ್ ಎರಡನ್ನೂ ಗೆದ್ದು ಅವರು ಬಂದಿದ್ದರು ನಿಜ, ಆದರೆ ಬಲದ ಲೆಕ್ಕದಲ್ಲಿ ಕಿಂಗ್ ಎದುರು ಅವರು ಹಿಂದೆಯೇ. ಫಲಿತಾಂಶ 15-3, 15-10. ಗೆದ್ದವರು ಪ್ರಕಾಶ್.

ಕಿಂಗ್ ಸ್ಮ್ಯಾಶಿಗೆ ಏನಾಯಿತು? ಹೊಡೆಯಲು ಬೇಕಾದ ಕಾಕ್ ಅವರಿಗೆ ಸಿಗಲೇ ಇಲ್ಲ. ಪ್ರಕಾಶ್ ಆಟದ ವೇಗವನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಒಂದೇ ಬಗೆಯ ಕೈ ಬೀಸಿನಿಂದ ಒಮ್ಮೆ ಡ್ರಾಪ್, ಒಮ್ಮೆ ಹಿಂದಿನ ಗೆರೆಗೆ ಎತ್ತರದ ಟಾಸ್, ಒಮ್ಮೆ ಬಲ ತಗ್ಗಿಸಿದ ಹಾಫ್ ಸ್ಮ್ಯಾಶ್. ಕೊನೆಯ ಕ್ಷಣದ ತನಕ ಯಾವುದೆಂದು ತಿಳಿಯದು. ಕಿಂಗ್ ಮುಂದಕ್ಕೆ ಬಂದಾಗ ಕಾಕ್ ಹಿಂದೆ, ಹಿಂದೆ ಹೋದಾಗ ಮುಂದೆ. ಜಿಗಿಯಲು ನೆಲೆ ಬೇಕು, ನೆಲೆಯೇ ಸಿಗದಿದ್ದರೆ ಜಿಗಿಯುವುದೆಲ್ಲಿಂದ? ಪ್ರಕಾಶ್ ಅವರ ಹಾಫ್ ಸ್ಮ್ಯಾಶ್ ಇಂದಿನ ಯಂತ್ರದ ಮುಂದೆ ಏನೂ ಅಲ್ಲ. ಬರುತ್ತದೆ ಎಂದು ಗೊತ್ತಿಲ್ಲದ ಕಡೆ ಬಂದದ್ದರಿಂದ ಅದು ಬೇಗ ಬಂದಂತೆ ಆಯಿತು. ಬೆಂಗಳೂರಿನ ಇವರ ಗರಡಿಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಪ್ರಶಸ್ತಿಯನ್ನು ಚೀನಾದ ಚೆನ್ ಹಾಂಗ್ ಎದುರು 15-12, 15-6ರಲ್ಲಿ ಗೆದ್ದರು.

ಈಗಿನವರಲ್ಲಿ ಅಲ್ಮೋರಾದಿಂದ ಬೆಂಗಳೂರಿಗೆ ಬಂದು ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ ಇದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜೊನಾಟನ್ ಕ್ರಿಸ್ಟಿ ಎದುರು ಅವರು ಬೆನ್ನ ಹಿಂದಿನಿಂದ ಬ್ಯಾಟು ತಂದು ಕಾಕ್ ಮರಳಿಸಿದ್ದು ನಿಮ್ಮ ಮೊಬೈಲಿಗೂ ಬಂದಿರಬೇಕು. ಜನ ಅದನ್ನು ಚಮತ್ಕಾರ ಎಂದರು. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು, ಅಂಥ ಪೆಟ್ಟಿನ ನಂತರವೂ ಅವರ ಕಾಲು ಮುಂದಿನ ಕಾಕಿಗೆ ಸಿದ್ಧವಾಗಿದ್ದುದು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಒಂದು ಒಳ್ಳೆಯ ಸ್ಮ್ಯಾಶ್ ಬಿದ್ದರೆ ನಿಂತು ಅದರ ಸೊಬಗು ನೋಡುತ್ತೇವೆ. ಅಷ್ಟರಲ್ಲಿ ಅದು ವಾಪಸ್ ಬಂದು ನಮ್ಮ ಕಾಲ ಬುಡದಲ್ಲಿ ಬಿದ್ದಿರುತ್ತದೆ.

ಬೆಂಗಳೂರಿನವರಿಗೆ ಒಂದು ಉಪಕಥೆ. ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತುಸು ತೆಳು, ಕಾಕ್ ಹೆಚ್ಚು ದೂರ ಓಡುತ್ತದೆ. ಅದಕ್ಕೇ ಇಲ್ಲಿ ನಿಧಾನ ನಂಬರಿನ ಕಾಕ್ ಕೊಳ್ಳಬೇಕು. ಪರೀಕ್ಷೆ ಸುಲಭ: ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬಲದಲ್ಲಿ ಹೊಡೆಯಿರಿ, ಆಚೆ ಕಡೆಯ ಹಿಂದಿನ ಗೆರೆಗೆ 530ರಿಂದ 990 ಮಿಲಿಮೀಟರ್ ಮೊದಲೇ ಬಿದ್ದರೆ ಆ ಕಾಕ್ ಸರಿ. ಗೆರೆಯಾಚೆ ಹೋಗುವ ಕಾಕಿನಲ್ಲಿ ಆಡಿ ‘ನನ್ನ ಸ್ಮ್ಯಾಶ್ ಎಷ್ಟು ಜೋರು’ ಎಂದು ಬೀಗುವವರನ್ನು ನಂಬಬೇಡಿ.

ಡಬಲ್ಸ್ ಆಡುವವರಿಗೆ ಇನ್ನೊಂದು ಎಚ್ಚರಿಕೆ. ನೆಟ್ಟಿನ ಬಳಿ ನಿಂತಾಗ, ಹಿಂದಿರುವ ಜೊತೆಗಾರ ಹೊಡೆಯುವುದನ್ನು ತಿರುಗಿ ನೋಡಬೇಡಿ. ಕಾಕಿನ ಬಿರಡೆ ಕಣ್ಣಿನ ಗುಳಿಯೊಳಗೆ ಹೊಗುವಷ್ಟು ಚಿಕ್ಕದು. ಈ ಆಟದಲ್ಲಿ ಕಣ್ಣಿಗೆ ಪೆಟ್ಟಾಗುವುದು ಎದುರಾಳಿಯಿಂದ ಮಾತ್ರವಲ್ಲ, ಜೊತೆಗಾರನಿಂದಲೂ. ಮತ್ತೆ ವಯಸ್ಸಾದವರು ಆಫೀಸಿನಿಂದ ನೇರ ಬಂದು, ಮೈ ಬಿಸಿ ಮಾಡಿಕೊಳ್ಳದೆ ಜಿಗಿದು ಹೊಡೆಯುವುದು ಬೇಡ. ಭುಜವೂ ಹಿಮ್ಮಡಿಯ ಮೇಲಿನ ಸ್ನಾಯುವೂ ಅದನ್ನು ಕ್ಷಮಿಸುವುದಿಲ್ಲ.

ಮಕ್ಕಳನ್ನು ಶಟಲ್ ತರಬೇತಿಗೆ ಸೇರಿಸುವ ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ಮೊದಲ ತಿಂಗಳಿನಲ್ಲೇ ‘ಸ್ಮ್ಯಾಶ್ ಯಾವಾಗ ಹೇಳಿಕೊಡುತ್ತೀರಿ’ ಎಂದು ಕೋಚ್ ಅವರನ್ನು ಕೇಳಬೇಡಿ. ಮಗುವಿನ ಕಾಲು ಕಾಕಿಗಿಂತ ಮೊದಲು ಹೋಗಿ ನಿಲ್ಲುತ್ತಿದೆಯೇ ಎಂದು ಕೇಳಿ. ದುಬಾರಿ ಬ್ಯಾಟಿನ ಹಣದಲ್ಲಿ ಒಂದಷ್ಟು ಹೆಚ್ಚು ಕಾಕ್ ಕೊಡಿಸಿ. ಇನ್ನು ಟಿ.ವಿ.ಯಲ್ಲಿ ಪಂದ್ಯ ಬಂದಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಆಟ ಆಡಿ: ಹೊಡೆಯುವವರ ಮೊಣಕೈ ಮಾತ್ರ ನೋಡಿ, ಕಾಕ್ ತಾಗುವ ಮೊದಲೇ ಸ್ಮ್ಯಾಶೋ ಡ್ರಾಪೋ ಎಂದು ಇಬ್ಬರೂ ಹೇಳಿ. ಒಂದೆರಡು ವಾರದಲ್ಲಿ ಮಗು ನಿಮ್ಮನ್ನು ಸೋಲಿಸುತ್ತದೆ.